ಸಿಲ್ವಿಯ ದಿನವಹಿಯೂ ಶ್ರೀಮತಿ ಕ್ಯಾಮರನ್ನರ ಮೇರಿಯೂ

ವಿಕ್ಟೋರಿಯಾ ರಾಣಿಯ ಕಾಲದ ಭಾವಚಿತ್ರಗಳ ಮಾತು ಬಂದಾಗಲೆಲ್ಲ ವಿಮರ್ಶಕರು ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಅವರನ್ನು ಕಲಾವಿದೆಯೆಂದು ಎತ್ತಿ ಹಿಡಿದು, ಸ್ಟುಡಿಯೋ ಇಟ್ಟು ಹಣಕ್ಕೆ ಪಟ ತೆಗೆದವರನ್ನು ಬರಿಯ ಕಸುಬುದಾರರೆಂದು ಬದಿಗೆ ಸರಿಸುವುದುಂಟು. ಈ ತೀರ್ಪನ್ನು ಪೂರ್ತಿಯಾಗಿ ಒಪ್ಪಲು ನಮ್ಮಿಂದಾಗದು.

ಕಸುಬುದಾರರಲ್ಲಿ ಕಮೀಲ್ ಸಿಲ್ವಿಯನ್ನೇ ತೆಗೆದುಕೊಳ್ಳೋಣ. ಫ್ರಾನ್ಸಿನವನಾದ ಈತ 1859ರಲ್ಲಿ ಲಂಡನ್ನಿನಲ್ಲಿ ಸ್ಟುಡಿಯೋ ತೆರೆದು 1868ರವರೆಗೆ ನಡೆಸಿದನು. ಪ್ಯಾರಿಸಿನ ಡಿಸ್ಡೇರಿ 1854ರಲ್ಲಿ ಹಕ್ಕುಪತ್ರ ಪಡೆದಿದ್ದ 'ಕಾರ್ಟ್ ದ ವಿಸಿತ್' ಆಗ ಮನೆಮಾತಾಗಿತ್ತು. ಒಂದೇ ಗಾಜಿನ ಫಲಕದಲ್ಲಿ ಹಲವು ಪಟಗಳನ್ನು ಮೂಡಿಸಿ, ಕಾಗದಕ್ಕಿಳಿಸಿ, ಕತ್ತರಿಸಿ, ಸುಮಾರು ನಾಲ್ಕಂಗುಲ ಉದ್ದ ಎರಡೂವರೆ ಅಂಗುಲ ಅಗಲದ ರಟ್ಟಿಗೆ ಅಂಟಿಸುವ ಪದ್ಧತಿಯದು. ಫಲಕಕ್ಕೆ ಬಳಿದ ಕೊಲೋಡಿಯನ್ ಆರುವುದರೊಳಗೆ ಎಲ್ಲವೂ ಮುಗಿಯಬೇಕು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಬೇರೆ. ಆ ಮುಖಗಳ ಬಿಗುಪನ್ನು ಕಂಡು ನಗುವವರು ಇದನ್ನು ನೆನೆಯಬೇಕು. (ಕ್ಷಣಾರ್ಧದಲ್ಲಿ ಮುಗಿಯುವ ಶಾಲೆಯ ಗುಂಪು ಪಟದಲ್ಲಿ ನಾವು ಉಪಾಧ್ಯಾಯರು ಇದಕ್ಕಿಂತ ಸಡಿಲವಾಗಿ ಕುಳಿತಿರುತ್ತೇವೆಯೇ?)

ಸಿಲ್ವಿ ಬಂದವರೆಲ್ಲರ ಪಟವನ್ನೂ ದಿನವಹಿಯಲ್ಲಿ ಅಂಟಿಸಿ, ಸಂಖ್ಯೆ ಹಾಕಿ, ಹೆಸರು ಬರೆದಿಡುತ್ತಿದ್ದನು. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ ಈ ಸಂಪುಟಗಳಲ್ಲಿ ಸುಮಾರು 17,000 ದಾಖಲೆಗಳಿವೆ. ರಾಜಮನೆತನದವರು, ಗಾಯಕಿ ಅಡೆಲಿನಾ ಪ್ಯಾಟಿ, ವ್ಯಾಪಾರಸ್ಥರು, ಎಲ್ಲರಿಗೂ ಅಷ್ಟೇ ಅಳತೆಯ ಜಾಗ. 1862ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಸಾರಾ ಫೋರ್ಬ್ಸ್ ಬೊನೆಟ್ಟಾ ಬಂದಳು. ಪಶ್ಚಿಮ ಆಫ್ರಿಕಾದ ಯುದ್ಧದಲ್ಲಿ ಹೆತ್ತವರನ್ನು ಕಳೆದುಕೊಂಡು, 1850ರಲ್ಲಿ ದಹೋಮಿಯ ಅರಸನಿಂದ ವಿಕ್ಟೋರಿಯಾ ರಾಣಿಗೆಂದು ಕಾಣಿಕೆಯಾಗಿ ಕೊಡಲ್ಪಟ್ಟ ಹುಡುಗಿ ಈಕೆ! ಒಂದು ತಿಂಗಳ ಹಿಂದೆಯಷ್ಟೇ ಮದುವೆಯಾಗಿದ್ದ ಆಕೆ ಸಿಲ್ವಿಯ ಪಟದಲ್ಲಿ ಕಾಣಿಕೆಯ ವಸ್ತುವಲ್ಲ, ಗೃಹಿಣಿ. ಸಿರಿವಂತೆಯೊಬ್ಬಳಿಗೆ ಹಿಡಿದ ಬೆಳಕನ್ನೇ ಅವನು ಆಕೆಗೂ ಹಿಡಿದಿದ್ದಾನೆ. ಆ ವಿವಾಹಕ್ಕೆ ಆಕೆಗೆ ಮೊದಲು ಮನಸ್ಸಿರಲಿಲ್ಲವೆಂಬುದನ್ನು ಮಾತ್ರ ಆ ಪಟ ಹೇಳುವುದಿಲ್ಲ.

ಕಲಕತ್ತೆಯಲ್ಲಿ ಹುಟ್ಟಿದ ಶ್ರೀಮತಿ ಕ್ಯಾಮರನ್ 48ನೆಯ ವಯಸ್ಸಿನಲ್ಲಿ, 1863ರ ಕೊನೆಗೆ, ಮಗಳು ಅಳಿಯಂದಿರು ಕೊಟ್ಟ ಕ್ಯಾಮರಾದಿಂದ ಕೆಲಸಕ್ಕೆ ತೊಡಗಿದರು. ವೈಟ್ ದ್ವೀಪದ ಮನೆಯ ಕೋಳಿಗೂಡೇ ಅವರ ಸ್ಟುಡಿಯೋ. ಮುಖವನ್ನು ಹತ್ತಿರಕ್ಕೆ ತಂದು, ಅಂಚುಗಳನ್ನು ಮಸುಕಾಗಲು ಬಿಟ್ಟು, ಕತ್ತಲೆಯೊಳಗಿಂದ ಮೂಡಿಸಿದ ಅವರ ಹರ್ಷೆಲ್ (1867) ಚಿತ್ರಕ್ಕೆ ಸಿಲ್ವಿಯ ಸಾವಿರಾರು ರಟ್ಟುಗಳಲ್ಲಿ ಒಂದೂ ಸಾಟಿಯಾಗದು. ಮಸುಕನ್ನು ದೋಷವೆಂದ ಅಂದಿನ ಪತ್ರಿಕೆಗಳು ಕಣ್ಣಿದ್ದೂ ಕಾಣದಾದವು.

ಆದರೆ ಹೆಸರು ಉಳಿದುದು ಮಹಾಪುರುಷರಿಗೆ. ಮನೆಗೆಲಸದ ಮೇರಿ ಹಿಲಿಯರ್ ಒಮ್ಮೆ ಯೇಸುವಿನ ತಾಯಿ, ಒಮ್ಮೆ ಸಂತ ಆಗ್ನೆಸ್, ಮತ್ತೊಮ್ಮೆ ಗ್ರೀಕ್ ಕವಯಿತ್ರಿ ಸ್ಯಾಫೋ. ಕಾರ್ಲೈಲನು ಕಾರ್ಲೈಲನಾಗಿಯೇ ಕುಳಿತ ಆ ಕ್ಯಾಮರಾದ ಎದುರಿಗೆ ಮೇರಿ ಮೇರಿಯಾಗಿ ಕುಳಿತದ್ದು ವಿರಳ. ಭಾವ ಉದಾತ್ತವಾದುದೇ, ಆದರೆ ಅದು ಯಾರ ಭಾವ? ಕುಳಿತವಳದೋ, ಕುಳ್ಳಿರಿಸಿದವರದೋ? ಸಿಲ್ವಿಯ ಗಿರಾಕಿ ತಾನು ಹೇಗೆ ಕಾಣಬೇಕೆಂಬುದನ್ನು ಕೊಂಚವಾದರೂ ತಾನೇ ನಿಶ್ಚಯಿಸಿಕೊಂಡು ಬರುತ್ತಿದ್ದನು. ಮೇರಿಗೆ ಆ ಸ್ವಾತಂತ್ರ್ಯವಿರಲಿಲ್ಲ.

ಹಾಗೆಂದು ಸಿಲ್ವಿಯನ್ನು ದೀನಬಂಧುವೆಂದು ಕೊಂಡಾಡಬೇಕಾಗಿಲ್ಲ. ಅವನ ದಿನವಹಿಯಲ್ಲಿ ಹೆಸರು ಸೇರಲು ಹಣ ಬೇಕಿತ್ತು. ಮೇರಿಯಂಥವಳು ತನ್ನ ಸಂಬಳದಿಂದ ಆ ಬಾಗಿಲನ್ನು ಹೊಗುವುದು ಸುಲಭವಾಗಿರಲಿಲ್ಲ. ಆಕೆಯ ಮುಖವನ್ನು ಇಂದು ನಾವು ಬಲ್ಲೆವಾದರೆ ಅದು ಆ ಕೋಳಿಗೂಡಿನಿಂದ.