ರಾತ್ರಿ ಆಮ್ಲಜನಕ ಕೊಡದ ಗಿಡ

ಸ್ನೇಕ್ ಪ್ಲಾಂಟ್ ಈಗ ಪೇಟೆಯ ಫ್ಲ್ಯಾಟುಗಳನ್ನು ದಾಟಿ ನಮ್ಮ ಹೊನ್ನೂರಿನಂಥ ಹಳ್ಳಿಗಳ ಜಗಲಿಗೂ ಬರುತ್ತಿದೆ. ಜೊತೆಗೆ ಒಂದು ಮಾತೂ ಬರುತ್ತಿದೆ: "ರಾತ್ರಿಯೆಲ್ಲ ಆಮ್ಲಜನಕ ಬಿಡುತ್ತೆ, ಮಲಗೋ ಕೋಣೇಲಿಡಿ." ಈ ಮಾತು ಸುಳ್ಳು.

ಗಿಡ ರಾತ್ರಿ ಹೊತ್ತು ಪತ್ರರಂಧ್ರ ತೆರೆಯುವುದೇನೋ ನಿಜ. ಆದರೆ ಆಗ ಅದು ಒಳಗೆಳೆದುಕೊಳ್ಳುವುದು ಇಂಗಾಲದ ಡೈಆಕ್ಸೈಡನ್ನು. ಅದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಬೆಳಗಾದ ಮೇಲೆ ರಂಧ್ರ ಮುಚ್ಚಿಕೊಂಡು ಆಹಾರ ತಯಾರಿಸುತ್ತದೆ. ಹಗಲ ಬಿಸಿಲಿಗೆ ನೀರು ಆವಿಯಾಗದಿರಲಿ ಎಂದು ಒಣನಾಡಿನ ಗಿಡಗಳು ಕಂಡುಕೊಂಡ ಉಪಾಯವಿದು. ಆಮ್ಲಜನಕ ಹುಟ್ಟಬೇಕಾದರೆ ಬೆಳಕು ಬೇಕೇ ಬೇಕು. ಕತ್ತಲಲ್ಲಿ ಈ ಗಿಡವೂ ನಮ್ಮಂತೆ ಉಸಿರಾಡುತ್ತಿರುತ್ತದೆ.

ಈ ಗಿಡ ಗಾಳಿ ಶುದ್ಧಿ ಮಾಡುತ್ತದೆಂಬ ಇನ್ನೊಂದು ಮಾತಿಗೆ 1989ರ ನಾಸಾ ಪ್ರಯೋಗವನ್ನು ಸಾಕ್ಷಿಗೆ ಕರೆಯುತ್ತಾರೆ. ಆ ಪ್ರಯೋಗ ನಡೆದದ್ದು ಗಾಳಿಯಾಡದ ಪುಟ್ಟ ಪೆಟ್ಟಿಗೆಯೊಳಗೆ. ಅಂಥ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ಅಮೆರಿಕದ ಸಂಶೋಧಕರಾದ ಕಮಿಂಗ್ಸ್ ಮತ್ತು ವೇರಿಂಗ್ 2019ರಲ್ಲಿ ಲೆಕ್ಕ ಹಾಕಿದರು: ಕಟ್ಟಡದ ಮಾಮೂಲಿ ಗಾಳಿಯಾಟ ಮಾಡುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಹೆಂಚಿನ ಸಂದಿಯಲ್ಲೇ ಗಾಳಿ ಹಾಯುವ ನಮ್ಮ ಮನೆಗಳಿಗೆ ಆ ಕುಂಡದ ಹಂಗೇಕೆ?

ಹಾಗೆಂದು ಗಿಡವನ್ನು ಎಸೆಯಬೇಡಿ, ಹಿತ್ತಲಿಗೆ ತನ್ನಿ. ಹೊಂಗೆ, ಮಾವಿನ ಅಡಿ ಗುಲಾಬಿ ಸೊರಗುವ ಜಾಗದಲ್ಲಿ ಇದು ವರ್ಷವಿಡೀ ಹಸಿರಾಗಿ ನಿಲ್ಲುತ್ತದೆ. ಬುಡ ಅಗೆದು ನೋಡಿ: ಬೆರಳು ದಪ್ಪದ ಕಿತ್ತಳೆ ಛಾಯೆಯ ಗೆಡ್ಡೆ ಮಣ್ಣನ್ನು ತಬ್ಬಿಕೊಂಡು ಅಡ್ಡಡ್ಡಕ್ಕೆ ಹರಿದಿರುತ್ತದೆ. ಹಳದಿ ಅಂಚಿನ ಜಾತಿಯಾದರೆ ಆ ಗೆಡ್ಡೆಯನ್ನೇ ಕತ್ತರಿಸಿ ನೆಡಬೇಕು. ಎಲೆ ತುಂಡರಿಸಿ ನೆಟ್ಟರೆ ಮರಿಗಳು ಬರೀ ಹಸಿರು. ಗಿಡ ಬರಗಾಲಕ್ಕೆ ಜಗ್ಗುವುದಿಲ್ಲ, ನೀರು ನಿಂತರೆ ಕೊಳೆಯುತ್ತದೆ. ಗದ್ದೆ ಬದಿಯ ಜೌಗು ನೆಲ ಇದಕ್ಕಾಗದು.

ನನಗೆ ನಿಜಕ್ಕೂ ಬೇಸರವಾಗುವುದು ಬೇರೆ ಕಾರಣಕ್ಕೆ. ಪಶ್ಚಿಮ ಆಫ್ರಿಕಾದ ಈ ಗಿಡಕ್ಕೆ ನಮ್ಮಲ್ಲೇ ಒಂದು ಒಡಹುಟ್ಟಿದೆ, ದಕ್ಷಿಣ ಭಾರತದ ಒಣ ಕುರುಚಲು ಕಾಡಿನ ಮಂಜಿನ ನಾರು. ಹಿಂದೆ ಬಿಲ್ಲಿನ ಹೆದೆಗೆ ಹೊಸೆಯುತ್ತಿದ್ದ ಗಟ್ಟಿ ನಾರು ಅದರದು. ನೆರಳೂ ಒಣನೆಲವೂ ಅದಕ್ಕೆ ಹುಟ್ಟಿನಿಂದ ಬಂದ ಅಭ್ಯಾಸ. ಅದನ್ನು ನರ್ಸರಿಯಲ್ಲಿ ಕೇಳುವವರೂ ಇಲ್ಲ, ಇಡುವವರೂ ಇಲ್ಲ. ಅದಕ್ಕಾಗಿ ಕಾಡಿಗೆ ನುಗ್ಗುವುದೂ ಬೇಡ: ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಮೀಸಲು; ಅಲ್ಲಿಂದ ಏನನ್ನೂ ಕಿತ್ತು ತರುವ ಮಾತು ಬೇಡ. ನರ್ಸರಿಯವರೇ ಗೆಡ್ಡೆ ಒಡೆದು ಸಸಿ ಮಾಡಿ ಮಾರಲಿ, ಆಮ್ಲಜನಕದ ಕಥೆ ಕಟ್ಟದೆ.