ಗಾಳಿಯನ್ನು ಕಾಣಿಸುವ ಗದ್ಯ

ವಿಮಾನ ನಡೆಸಲು ಕಲಿಸುವ ಪುಸ್ತಕಕ್ಕೆ ಸಾಹಿತ್ಯದ ಪುಟದಲ್ಲೇನು ಕೆಲಸವೆಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ವೋಲ್ಫ್‌ಗಾಂಗ್ ಲಾಂಗೆವೀಷೆಯ ‘ಸ್ಟಿಕ್ ಅಂಡ್ ರಡ್ಡರ್’ ಗ್ರಂಥವನ್ನು ನಾನೂ ರಸಾಸ್ವಾದಕ್ಕೆಂದು ಕೈಗೆತ್ತಿಕೊಂಡವನಲ್ಲ. ಬ್ಯಾಂಕಿನಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ, ರಜಾದಿನಗಳ ಹವ್ಯಾಸಕ್ಕಾಗಿ ಎರಡು ಸೀಟಿನ ಸಣ್ಣ ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಹೊರಟ. ಅಕ್ಕ ಗಾಬರಿಯಾದಳು. ಅವನ ಮೇಜಿನ ಮೇಲಿದ್ದ ಈ ಪುಸ್ತಕವನ್ನು ನನ್ನ ಕೈಗಿತ್ತು, “ನೀನು ಓದಿದವನು. ಇದನ್ನು ಓದಿ ನೋಡಿ ಹೇಳೋ, ಇವನನ್ನು ಕಳಿಸಬಹುದೋ ಬೇಡವೋ” ಎಂದಳು. ವಿಮರ್ಶಕನಿಗೆ ಇಂಥ ಹೊಣೆ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ತೀರ್ಪು ತಪ್ಪಿದರೆ ಹೆಚ್ಚೆಂದರೆ ಒಬ್ಬ ಕವಿ ಮುನಿಸಿಕೊಳ್ಳುತ್ತಾನೆ, ಅಷ್ಟೇ.

ಹಾರಾಟದ ಸಾಹಿತ್ಯವೆಂದರೆ ಅದುವರೆಗೆ ನನಗೆ ಸೇಂತ್-ಎಕ್ಸುಪೆರಿ. 1935ರ ಕೊನೆಯಲ್ಲಿ ಲಿಬಿಯಾ ಮರುಭೂಮಿಯಲ್ಲಿ ವಿಮಾನ ಬಿದ್ದು, ನೀರಿಲ್ಲದೆ ಅಲೆದುದನ್ನು ಅವನು 1939ರ ಪುಸ್ತಕದಲ್ಲಿ ವರ್ಣಿಸಿರುವ ರೀತಿಗೆ ಮನಸೋಲದವರು ಯಾರು? ಆದರೆ ಅವನಿಗೆ ವಿಮಾನವೊಂದು ನೆಪ. ನೆಲ ಬಿಟ್ಟೊಡನೆ ಅವನು ನಕ್ಷತ್ರಗಳನ್ನೂ ಮನುಕುಲವನ್ನೂ ಕುರಿತು ಚಿಂತಿಸತೊಡಗುತ್ತಾನೆ. ಹಳೆಯ ಜೋಡಿರೆಕ್ಕೆಯ ವಿಮಾನದಲ್ಲಿ ಅಮೆರಿಕದ ಹಳ್ಳಿಹಳ್ಳಿ ತಿರುಗಿ, ಜನರನ್ನು ಕೂರಿಸಿಕೊಂಡು ಹಾರಿದ ಕಥೆಯನ್ನು ರಿಚರ್ಡ್ ಬಾಖ್ 1969ರಲ್ಲಿ ಬರೆದ. ಅದರಲ್ಲಿ ಹುಲ್ಲಿನ ವಾಸನೆಯಿದೆ; ಮರುವರ್ಷವೇ ಅವನೂ ಕಡಲಹಕ್ಕಿಯ ಬಾಯಲ್ಲಿ ವೇದಾಂತ ಹೇಳಿಸಿದ. ನಮ್ಮ ಪುಷ್ಪಕವಂತೂ ನೆನೆದಲ್ಲಿಗೆ ತಾನಾಗಿ ಹೋಗುವಂಥದು. ಅದನ್ನು ನಡೆಸುವ ಕೈಯ ಮಾತೇ ಅಲ್ಲಿಲ್ಲ. ಇವನ್ನೆಲ್ಲ ಓದಿದವನು ಹುಡುಗನ ಆತ್ಮ ಮೇಲೇರುತ್ತದೆಂದು ಹೇಳಬಲ್ಲನೇ ಹೊರತು, ಅವನು ಸಾಯಂಕಾಲ ಮನೆಗೆ ಬರುತ್ತಾನೆಯೇ ಎಂಬುದನ್ನಲ್ಲ.

ಲಾಂಗೆವೀಷೆ 1907ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಓದಿಗಾಗಿ ಅಮೆರಿಕಕ್ಕೆ ಹೋದವನು. ಹವ್ಯಾಸಿಯಾಗಿ ಹಾರಲು ಕಲಿತು, ಎರಡನೆಯ ಮಹಾಯುದ್ಧದಲ್ಲಿ ಕೋರ್ಸೇರ್ ಯುದ್ಧವಿಮಾನಗಳನ್ನು ಪರೀಕ್ಷಿಸುವ ವೈಮಾನಿಕನಾದ. ಈ ಗ್ರಂಥ ಹೊರಬಂದದ್ದು 1944ರಲ್ಲಿ. ಇದರ ತಿರುಳು ಒಂದೇ ಸಂಗತಿ: ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ, ಮತ್ತು ರೆಕ್ಕೆಯ ಅಳಿವು ಉಳಿವು ಅದು ಎದುರುಗಾಳಿಯನ್ನು ಸಂಧಿಸುವ ಕೋನದಲ್ಲಿದೆ. ಆ ಕೋನ ಒಂದು ಮಿತಿಯನ್ನು, ಸಣ್ಣ ವಿಮಾನಗಳಲ್ಲಿ ಸುಮಾರು 16 ಡಿಗ್ರಿಯ ಆಸುಪಾಸನ್ನು, ದಾಟಿತೆಂದರೆ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಳ್ಳುತ್ತದೆ. ಎಂಜಿನು ಸರಿಯಾಗಿಯೇ ಓಡುತ್ತಿರುತ್ತದೆ, ವಿಮಾನ ಮಾತ್ರ ಬೀಳತೊಡಗುತ್ತದೆ. ಇದನ್ನು ಅವರು ಸ್ಟಾಲ್ ಎನ್ನುತ್ತಾರೆ.

ಇಲ್ಲಿಂದ ಮುಂದಿನದು ಮನುಷ್ಯಸ್ವಭಾವದ ಕಥೆ. ನೆಲ ಮೇಲೆ ನುಗ್ಗಿಬರುವುದನ್ನು ಕಂಡವನ ಕೈ ಏನು ಮಾಡೀತು? ಮೇಲೇಳಬೇಕೆಂದು ಸ್ಟಿಕ್ಕನ್ನು ಎದೆಗೆ ಎಳೆದುಕೊಳ್ಳುತ್ತದೆ. ಎಳೆದಷ್ಟೂ ಕೋನ ಹೆಚ್ಚುತ್ತದೆ, ವಿಮಾನ ಇನ್ನಷ್ಟು ಬೀಳುತ್ತದೆ. ಬದುಕಬೇಕಾದರೆ ಸ್ಟಿಕ್ಕನ್ನು ಮುಂದಕ್ಕೆ, ಅಂದರೆ ತಾನು ಹೆದರಿದ ನೆಲದ ಕಡೆಗೇ, ತಳ್ಳಬೇಕು. ಸೋದರಳಿಯ ಕಾಫಿ ಲೋಟದ ಮೇಲೆ ಅಂಗೈಯನ್ನು ರೆಕ್ಕೆಯಂತೆ ಆಡಿಸಿ ಇದನ್ನು ತೋರಿಸಿದ. “ಗೊತ್ತಿರೋದು ಬೇರೆ ಮಾವ, ಕೈಗೆ ಗೊತ್ತಾಗೋದು ಬೇರೆ” ಎಂದ.

ಆ ಎರಡರ ನಡುವಿನ ಕಂದಕವನ್ನು ದಾಟಿಸುವುದಕ್ಕಾಗಿಯೇ ಲಾಂಗೆವೀಷೆ ಬರೆಯುತ್ತಾನೆ. ಒಂದು ಸಮೀಕರಣವಿಲ್ಲ, ಒಂದು ಉದ್ಗಾರವಿಲ್ಲ. ವಿಮಾನದ ಮೂತಿ ದಿಗಂತಕ್ಕೆ ನೇರವಾಗಿದ್ದರೂ ರೆಕ್ಕೆ ಸೋತಿರಬಹುದು, ಏಕೆಂದರೆ ಕೋನವನ್ನು ಅಳೆಯಬೇಕಾದ್ದು ದಿಗಂತದಿಂದಲ್ಲ, ಕಣ್ಣಿಗೆ ಕಾಣದ ಗಾಳಿಯಿಂದ. ಆ ಕಾಣದ್ದನ್ನು ಕಾಣಿಸುವುದು ಅವನ ಗದ್ಯದ ಕೆಲಸ. ಇಳಿಯುವ ಹೊತ್ತಿನ ಭಾಗವನ್ನು ನೋಡಿ: ನೆಲವೆಲ್ಲ ಹಿಗ್ಗುತ್ತ ಬರುವಾಗ ಹತ್ತಿರದ ವಸ್ತುಗಳು ಕೆಳಕ್ಕೆ ಜಾರುತ್ತವೆ, ದೂರದವು ಮೇಲಕ್ಕೆ ಸರಿಯುತ್ತವೆ. ಒಂದು ಸ್ಥಳ ಮಾತ್ರ ಎತ್ತಲೂ ಕದಲದು. ವಿಮಾನ ಮುಟ್ಟಲಿರುವುದು ಅದನ್ನೇ. ಇದನ್ನು ಓದಿದ ಮೇಲೆ ಮೈಸೂರಿಗೆ ಹೋಗುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ನಾನೂ ಆ ಕದಲದ ಚುಕ್ಕೆಯನ್ನು ಹುಡುಕಿದೆ, ಸಿಕ್ಕಿತು! ಕಣ್ಣಿಗೆ ಹೊಸ ಅಭ್ಯಾಸ ಕಲಿಸುವ ಬರವಣಿಗೆಯನ್ನು ನಾವು ಕಾವ್ಯದಲ್ಲಾದರೆ ಎಷ್ಟು ಕೊಂಡಾಡುತ್ತಿದ್ದೆವು! ಪರಭಾಷೆಯನ್ನು ದುಡಿದು ಗಳಿಸಿದವನಾದ್ದರಿಂದಲೇ ಅವನ ವಾಕ್ಯಗಳು ಇಷ್ಟು ಮಿತವಾಗಿವೆಯೇನೋ ಎಂಬುದು ನನ್ನ ಊಹೆ.

ದೋಷಗಳಿಲ್ಲವೆಂದಲ್ಲ. ಹೇಳಿದ್ದನ್ನೇ ಹೇಳುವ ಮೇಷ್ಟರ ಚಾಳಿ ಅವನಿಗುಂಟು. ಭಯದ ವಿಷಯದಲ್ಲಿ ಆ ಪುನರುಕ್ತಿ ಸಾರ್ಥಕ. ಉಳಿದ ಕಡೆ ಆಕಳಿಕೆ ತರಿಸುತ್ತದೆ. ರಡ್ಡರ್ ಎಂದರೆ ಹಡಗಿನ ಚುಕ್ಕಾಣಿ. ಆ ಹೆಸರೇ ಜನರನ್ನು ದಾರಿ ತಪ್ಪಿಸಿತು, ವಿಮಾನ ತಿರುಗುವುದು ರೆಕ್ಕೆ ವಾಲಿಸುವುದರಿಂದ ಎಂದು ಅವನು ವಾದಿಸುವುದು ಸೊಗಸಾಗಿದೆ. ಒಂದು ಪದ ಮಾಡುವ ಹಾನಿಯನ್ನು ಭಾಷಾಶಾಸ್ತ್ರಿಗಳು ಕೂಡ ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ಕಡಮೆ. ಆದರೆ ರಡ್ಡರಿನ ಪೆಡಲುಗಳೇ ಮುಂದೆ ಮಾಯವಾದಾವೆಂಬ ಅವನ ಉತ್ಸಾಹವನ್ನು ಕಾಲ ಪುರಸ್ಕರಿಸಲಿಲ್ಲ. ಇಂದಿನ ಸಾಧಾರಣ ಸಣ್ಣ ವಿಮಾನಗಳಲ್ಲೂ ಅವು ಕಾಲ ಕೆಳಗೇ ಇವೆ.

ಅಕ್ಕನಿಗೆ ಉತ್ತರ ಕೊಡಬೇಕಾಗಿತ್ತು. ಸ್ಟಾಲಿನ ಅಧ್ಯಾಯವನ್ನು ಅವಳೆದುರು ಕುಳಿತು ಕನ್ನಡದಲ್ಲಿ ಹೇಳಿದೆ. ಅಪಾಯವನ್ನು ಮುಚ್ಚಿಡಲಿಲ್ಲ, ಪುಸ್ತಕವೂ ಮುಚ್ಚಿಟ್ಟಿಲ್ಲ. ಹುರುಳಿಕಾಯಿ ಬಿಡಿಸುತ್ತಲೇ ಎಲ್ಲ ಕೇಳಿದಳು. ಕೊನೆಗೆ, “ಇದನ್ನ ಬರೆದೋನು ಎಷ್ಟು ವರ್ಷ ಬದುಕಿದ್ದ?” ಎಂದಳು. ತೊಂಬತ್ತು ದಾಟಿ, 2002ರಲ್ಲಿ ತೀರಿಕೊಂಡ ಎಂದೆ.

“ಹಾಗಾದ್ರೆ ಕಲೀಲಿ ಬಿಡು” ಎಂದಳು.