ಗುಂಡು ತಿಂದು ಸುದ್ದಿ ತಂದ ಕಾರುಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳಬರಿಗೆ ಹಿಂದಿನ ಷಿಕಾರಿಯ ಕ್ರಮ ಗೊತ್ತು. ಹಳು ನುಗ್ಗುವವರು ಹಂದಿಯನ್ನು ಎಬ್ಬಿಸಬೇಕು, ಬಿಲ್ಲಿಗೆ ಕೂತವರು ಈಡು ಹೊಡೆಯಬೇಕು. ಹಳು ನುಗ್ಗಿದವನೇ ಹಂದಿಯೊಡನೆ ಗುದ್ದಾಟಕ್ಕೆ ನಿಂತರೆ ಷಿಕಾರಿ ಕೆಟ್ಟಿತು. ದೊಡ್ಡ ಯುದ್ಧಗಳಲ್ಲಿ ಕವಚದ ಗಾಡಿಗಳ ರೆಕ್ಕಿ ಪಡೆಗೂ ಇದೇ ಕೆಲಸ. ಮುಖ್ಯ ಸೈನ್ಯಕ್ಕಿಂತ ಮುಂದೆ ಹೋಗಿ, ಶತ್ರು ಎಲ್ಲಿ ಅಡಗಿದ್ದಾನೆ, ತೋಪುಗಳನ್ನು ಎಲ್ಲಿಟ್ಟಿದ್ದಾನೆ ಎಂದು ತಿಳಿದು ಬರಬೇಕು. ಕವಚ ಇರುವುದು ಕಾದಾಡಲಿಕ್ಕೆ ಎನ್ನುವುದಕ್ಕಿಂತ ಬದುಕಿ ಬಂದು ಸುದ್ದಿ ಹೇಳಲಿಕ್ಕೆ.

ಇದಕ್ಕೆ ನಾನು ಕೊಡುವ ಮೊದಲ ಉದಾಹರಣೆ ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಹೈಫಾದಲ್ಲಿ ನಡೆದ ಕಾಳಗ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿದ್ದವು; ಆ ಕಾಳಗದಲ್ಲಿ ನಮ್ಮ ಮಹಾರಾಜರ ಅಶ್ವಪಡೆ ಮೈಸೂರು ಲ್ಯಾನ್ಸರ್ಸ್ ಇತ್ತು. 1918ರ ಸೆಪ್ಟೆಂಬರ್ 22ರಂದು, ತುರ್ಕರು ಊರು ಬಿಟ್ಟಿದ್ದಾರೆಂಬ ವರದಿ ನಂಬಿ, ಬ್ರಿಟಿಷ್ ಸೈನ್ಯದ ಬ್ರಿಗೇಡಿಯರ್ ಜನರಲ್ ಕಿಂಗ್ ಕವಚದ ಕಾರುಗಳೊಡನೆ ಹೈಫಾಕ್ಕೆ ಹೊರಟರು. ಊರು ಮುಟ್ಟುವ ಮೊದಲೇ ತೋಪು, ಮೆಷಿನ್ ಗನ್ನುಗಳು ಸಿಡಿದವು. ಕಾರುಗಳು ಹಿಂದೆ ಸರಿದವು. ಇದನ್ನು ಸೋಲು ಎಂದು ಬರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಊರು ಖಾಲಿಯಿಲ್ಲ, ಕಾರ್ಮೆಲ್ ಬೆಟ್ಟದ ಮೇಲೆ ತೋಪುಗಳಿವೆ ಎಂಬುದು ಖಚಿತವಾದದ್ದು ಆ ಗುಂಡೇಟಿನಿಂದಲೇ.

ಮಾರನೆಯ ದಿನದ ಯೋಜನೆ ನೋಡಿ. ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕ ಕಿಶೋನ್ ಹೊಳೆಯ ಕೆಸರು, ನಡುವೆ ಇಕ್ಕಟ್ಟಾದ ರಸ್ತೆ. ಮೇಲಿನ ತೋಪು ಬಾಯಿ ಮುಚ್ಚದೆ ಕೆಳಗೆ ಕುದುರೆ ಓಡಿಸುವಂತಿಲ್ಲ. ಹಾಗಾಗಿ ಮೈಸೂರಿನ ಒಂದು ಸ್ಕ್ವಾಡ್ರನ್ನನ್ನು ಬೆಟ್ಟ ಹತ್ತಿಸಿದರು. ಕಡಿದಾದ ಕಲ್ಲುದಾರಿಯಲ್ಲಿ ಕುದುರೆಗಳು ಕುಂಟಿದವು, ಕೆಲವರನ್ನು ಇಳಿಸಿ ಗುಂಡಿನ ಆಸರೆ ಕೊಡಲು ನಿಲ್ಲಿಸಬೇಕಾಯಿತು. ಕೊನೆಗೆ ಭರ್ಜಿ ಹಿಡಿದು ತೋಪಿನ ಮೇಲೆ ಏರಿ ಹೋದವರು ಸುಮಾರು 15 ಮಂದಿ. ತೋಪುಗಳು ಕೈವಶವಾದವು. ಮಧ್ಯಾಹ್ನ ಎರಡರ ಹೊತ್ತಿಗೆ ಕೆಳಗೆ ಜೋಧ್‌ಪುರ ಲ್ಯಾನ್ಸರ್ಸ್ ನುಗ್ಗಿತು. ಆ ಪಡೆಯ ಮೇಜರ್ ದಲ್ಪತ್ ಸಿಂಗ್ ಮಡಿದರು, ಊರು ಬಿತ್ತು.

ಸುದ್ದಿ ಬಂದರೂ ದಂಡನಾಯಕ ಕಿವಿಗೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡನೇ ಮಹಾಯುದ್ಧದಲ್ಲಿ 1942ರ ಗಜಾಲಾ ಕಾಳಗ ಸಾಕ್ಷಿ. ಮೇ 26ರ ರಾತ್ರಿ ಲಿಬಿಯಾದ ಮರಳಿನಲ್ಲಿ ದಕ್ಷಿಣ ಆಫ್ರಿಕಾದ ಕವಚದ ಕಾರುಗಳು ಜರ್ಮನ್ ದಂಡನಾಯಕ ರೊಮೆಲ್‌ನ ದಂಡಿನ ಬೆನ್ನು ಬಿಡದೆ ವರದಿ ಕಳಿಸುತ್ತಲೇ ಇದ್ದವು. ಬ್ರಿಟಿಷ್ ಸೈನ್ಯದ ಮೇಲಿನವರು ಅದನ್ನು ಬರೀ ಕಣ್ಕಟ್ಟು ಎಂದುಕೊಂಡರು. ಬೆಳಗಾದಾಗ ಆ ದಂಡು ಭಾರತದ 3ನೇ ಮೋಟಾರ್ ಬ್ರಿಗೇಡಿನ ಮೇಲೆ ಬಿದ್ದು ಅದನ್ನು ತುಳಿದುಹಾಕಿತು. ರೆಕ್ಕಿ ಪಡೆಯಿಂದ ಲೋಪವಾಗಲಿಲ್ಲ. ಲೋಪ ನಕ್ಷೆಯ ಮುಂದೆ ಕೂತವರದು.

ಹೈಫಾ ಎಂದರೆ ಜೋಧ್‌ಪುರದ ದಾಳಿಯೊಂದೇ ಹೆಚ್ಚು ಜನರ ನೆನಪಿಗೆ ಬರುವುದು. ಆ ಶೌರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಗುಂಡು ತಿಂದು ಸುದ್ದಿ ತಂದ ಕಾರುಗಳಿಗೂ, ಬೆಟ್ಟ ಹತ್ತಿದ ಮೈಸೂರಿನವರಿಗೂ ಆ ಗೆಲುವಿನಲ್ಲಿ ಸಮಪಾಲಿದೆ. ಬೆಂಗಳೂರಿಗೆ ಹೋದಾಗ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಮಕ್ಕಳನ್ನೂ ಕರೆದುಕೊಂಡು ಹೋಗಿ ಬನ್ನಿ.